ಕಾರಿಗೊಂದು ಬಾಣಂತನ

ಇಬ್ಬನಿಯನ್ನು ಬೈದ ಒಕ್ಕಲು ಮನೆಯ ಹೆಂಗಸು ನಮ್ಮ ರೋಣದಲ್ಲಿ ನಾನೊಬ್ಬಳೇ ಇರಬೇಕು. ಹಿಂಗಾರಿ ಜೋಳ ಮಳೆ ನಂಬಿ ಬೆಳೆಯುವುದಲ್ಲ. ಎರೆ ನೆಲದ ಹಸಿ ಹಿಡಿದು, ಇಬ್ಬನಿ ಕುಡಿದು ತೆನೆ ಕಟ್ಟುತ್ತದೆ. ಅದು ಚೆನ್ನಾಗಿ ಬೀಳಲಿ ಎಂದು ಇಷ್ಟು ವರ್ಷ ಕೈ ಮುಗಿದವಳು, ಹೋದ ಚಳಿಗಾಲ ಛಟ್ಟಿ ಅಮಾವಾಸ್ಯೆಗೆ ಮುಂಚೆ ಒಂದು ರಾತ್ರಿ, ಇವತ್ತೊಂದು ದಿನ ಬೀಳಬೇಡ ಎಂದು ಅದೇ ಕೈ ಮುಗಿದೆ. ಬಿತ್ತು. ಎಂದಿಗಿಂತ ಹೆಚ್ಚೇ ಬಿತ್ತು.

ಇದಕ್ಕೆಲ್ಲ ಕಾರಣ ಒಂದು ಕಾರು. ನನ್ನ ಮಗ ಈರಣ್ಣನಿಗೆ ಪೇಟೆಯಲ್ಲಿ ರೈತರ ಅರಳೆ ಮಾರಿಸಿಕೊಡುವ ಅಡತಿ ಅಂಗಡಿ. ಹುಬ್ಬಳ್ಳಿಯಲ್ಲಿ ಯಾರೋ ಓಡಿಸಿ ಬೇಸತ್ತ ಕರಿ ಕಾರೊಂದನ್ನು ಕೊಂಡ. ಕೊಳ್ಳಲಿ, ಬೇಡ ಅನ್ನಲಿಲ್ಲ. ಆದರೆ ಕೊಳ್ಳಲು ಹೋದ ದಿನ ಯಾವುದು? ನರಗುಂದದಲ್ಲಿ, ಅವನ ಹೆಂಡತಿ ನಾಗವ್ವನ ತವರಲ್ಲಿ, ಅವನದೇ ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ಮಧ್ಯಾಹ್ನದೊಳಗೆ ಕಾರಿನಲ್ಲೇ ಬಂದು ಇಳಿಯುತ್ತೇನೆ ಎಂದು ಹೇಳಿ ಹೋಗಿದ್ದ. ಬೀಗರ ಓಣಿಯೆಲ್ಲ ರಸ್ತೆಗೆ ಕಣ್ಣಿಟ್ಟು ಕೂತಿತ್ತು. ನಾನೂ ಕೂತಿದ್ದೆ. ಕಾರು ನವಲಗುಂದದ ಹತ್ತಿರ ಕೆಟ್ಟು ನಿಂತಿತ್ತೆಂದು ಮರುದಿನ ಗೊತ್ತಾಯಿತು. ಅಪ್ಪನಿಲ್ಲದೆಯೇ ಕೂಸಿನ ಕಿವಿಯಲ್ಲಿ ಹೆಸರು ಕರೆದರು. ನಾಗವ್ವ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ.

ಅಲ್ಲಿಂದಾಚೆಗೆ ಎರಡು ಸಲ ಕರೆಯಲು ಕಳಿಸಿದೆವು. ಎರಡು ಸಲವೂ ನಮ್ಮವರು ಉಂಡು, ಎಲೆಅಡಿಕೆ ಹಾಕಿಕೊಂಡು, ಬರಿಗೈಲಿ ಬಂದರು. ಎರಡನೆಯ ಸಲ ಸೊಸೆ ಮಾತೊಂದನ್ನೂ ಹೇಳಿ ಕಳಿಸಿದ್ದಳು: "ಮೋಟಾರಿಗೇ ತೊಟ್ಲಾ ಕಟ್ಟಿ ತೂಗಲಿ." ಮಗ ಅದನ್ನು ಕೇಳಿ ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮೂರನೆಯ ದಿನ, ತಾನೇ ಹೋಗುತ್ತೇನೆ, ಕಾರು ತಗೊಂಡೇ ಹೋಗುತ್ತೇನೆ ಅಂದ. ಯಾವುದರಿಂದ ಸಿಟ್ಟು ಬಂದಿದೆಯೋ ಅದನ್ನೇ ಬಾಗಿಲಿಗೆ ಒಯ್ದು ನಿಲ್ಲಿಸುವವನನ್ನು ಏನನ್ನಬೇಕು? ಗಂಡಸು ಅನ್ನಬೇಕು, ಬೇರೆ ಹೆಸರಿಲ್ಲ.

ಹೋಗುವ ಹಿಂದಿನ ರಾತ್ರಿ ಊಟ ಮುಗಿಸಿ ಒಂದು ಡಬ್ಬಿ ತೆಗೆದ. ಕಾರಿಗೆ ಹಚ್ಚುವ ಮೇಣ. ಹಗಲು ಹಚ್ಚುವಂತಿಲ್ಲ. ಸುಗ್ಗಿಯ ದಿನ, ಅರಳೆಯ ಚಕ್ಕಡಿಗಳು ಓಡಾಡುವ ಓಣಿ, ಎಳೆ ಹಾರಿ ಬಂದು ಮೇಣಕ್ಕೆ ಅಂಟಿದರೆ ಕಾರಿಗೆ ಗಡ್ಡ ಬಂದ ಹಾಗೆ. ಒಳಗೆ ತರುವಂತೆಯೂ ಇಲ್ಲ. ನಮ್ಮ ಮಾವನವರು ಬಾಗಿಲು ಇಡಿಸುವಾಗ ಗಬ್ಬದ ಎಮ್ಮೆ ಹಾಯ್ದರೆ ಸಾಕು ಎಂದು ಲೆಕ್ಕ ಹಾಕಿದ್ದರು. ಹಾಗಾಗಿ ಹೊರಗೆ ಬೇವಿನ ಗಿಡದ ಕೆಳಗೆ, ಟೊಂಗೆಗೆ ಕಂದೀಲು ಕಟ್ಟಿ, ಮಗ ಕಾರು ತಿಕ್ಕಲು ನಿಂತ. ನಾನು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತೆ.

ನನಗೆ ಹೊಳಪಿನ ವಿಚಾರ ಸ್ವಲ್ಪ ಗೊತ್ತು. ಸಾಲಿಯಲ್ಲಿ ಕಲಿತದ್ದು ಮೂರನೆಯ ಇಯತ್ತೆ, ಉಳಿದದ್ದು ಹಿತ್ತಲಲ್ಲಿ. ತಾಮ್ರದ ಕೊಡ ಹುಣಸೆಹಣ್ಣಿಗೆ ಹೊಳೆಯುತ್ತದೆ. ಎತ್ತು ಹತ್ತಿಕಾಳು ತಿಂದು ಹೊಳೆಯುತ್ತದೆ. ಕುಂಟೆಯ ಕಬ್ಬಿಣದ ಕುಡ ನೆಲದಲ್ಲಿ ತಿಕ್ಕಿ ತಿಕ್ಕಿ ಹೊಳೆಯುತ್ತದೆ, ಮೂಲೆಗಿಟ್ಟರೆ ತುಕ್ಕು ಹಿಡಿಯುತ್ತದೆ. ಮೇಲೆ ಏನೋ ಹಚ್ಚಿ ಹೊಳೆಯುವುದೆಂದರೆ ಮದುಮಗಳ ಮುಖ ಒಂದೇ, ಅದೂ ಅಕ್ಕಿಕಾಳು ಬೀಳುವವರೆಗೆ. ಇದನ್ನೆಲ್ಲ ಮಗನಿಗೆ ಹೇಳಲಿಲ್ಲ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಯಾಕೆಂದರೆ ಮೇಣ ಹಿಡಿಯುತ್ತಿರಲಿಲ್ಲ. ಅವನು ಒಂದು ಕಡೆ ಒರೆಸಿ ಹಚ್ಚುವಷ್ಟರಲ್ಲಿ ಇನ್ನೊಂದು ಕಡೆ ಇಬ್ಬನಿ ಕೂತಿರುತ್ತಿತ್ತು. ಮೇಣವೂ ನೀರೂ ಕೂಡಿ ಹಳಸಿದ ಮಜ್ಜಿಗೆಯ ಹಾಗೆ ಒಡೆದು ನಿಂತವು. ತಿಕ್ಕಿದಷ್ಟೂ ಬೆಳ್ಳಗಾಯಿತು.

"ಒಣಗಿದ ಮ್ಯಾಲೆ ಒರಸಬೇಕಂತ ಡಬ್ಬಿ ಮ್ಯಾಲೆ ಬರದೈತಿ ಬೇ," ಅಂದ.

"ಯಾವಾಗ ಒಣಗತೈತಿ ಅಂತ ಬರದಾರೇನು?"

"ಅದನ್ನ ಬರದಿಲ್ಲ."

ಕಂದೀಲಿನ ಬೆಳಕಿಗೆ ಅವನ ಮುಖ ನೋಡಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ಕಾಣುತ್ತಿದ್ದ. ಕೈ ಮಾತ್ರ ನಿಲ್ಲಿಸಲಿಲ್ಲ. ತಿಕ್ಕುತ್ತಲೇ, ನನ್ನ ಕಡೆ ನೋಡದೆ ಕೇಳಿದ: "ಅಕಿ ಬರಲಿಲ್ಲಂದ್ರ ಏನ ಮಾಡ್ಲಿ ಅವ್ವಾ?"

ಇಟಗಿ ಭೀಮವ್ವನಿಗೆ ಮನಸ್ಸಿನಲ್ಲೇ ಒಂದು ಹರಕೆ ಹೊತ್ತು ಎದ್ದೆ. ಉತ್ತರ ಇಲ್ಲದಾಗ ಹೆಂಗಸರು ಒಲೆಯ ಕಡೆ ಹೋಗುತ್ತಾರೆ. ನಾನೂ ಹೋದೆ.

ಇಷ್ಟು ವರ್ಷದಲ್ಲಿ ಒದ್ದೆಯದನ್ನು ಒಣಗಿಸುವ ಒಂದೇ ವಿದ್ಯೆ ನನಗೆ ಚೆನ್ನಾಗಿ ಬರುವುದು. ಬಾಣಂತಿಗೆ ಎರೆದು, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೇಗಡಿ ಇಟ್ಟು, ಅದರ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಲೋಬಾನ ಹಾಕಿ ಹೊಗೆ ಕೊಡುವುದು. ಎಂಥ ಮಳೆಗಾಲದಲ್ಲೂ ಮಾರುದ್ದದ ಕೂದಲು ಒಣಗುತ್ತದೆ. ಕಾರಿಗೇನು, ಕೂದಲೂ ಇಲ್ಲ. ಶೇಗಡಿ ತುಂಬಿಕೊಂಡು ತಂದೆ. ಪೆಟ್ರೋಲು ಹಿಂದಿದೆ, ಮುಂದಿಡು ಎಂದು ಮಗ ಹೇಳಿದ. ಮುಂದಿಟ್ಟೆ. ಅವನೂ ಬೇಡ ಅನ್ನಲಿಲ್ಲ ನೋಡಿ. ಕೆಂಡ ಇಟ್ಟಮೇಲೆ ಕೈ ಸುಮ್ಮನಿರದೆ ಅಜವಾನವನ್ನೂ ಲೋಬಾನವನ್ನೂ ಉದುರಿಸಿದೆ. ರೂಢಿ. ಹೊಗೆ ಎದ್ದಿತು, ಜೊತೆಗೆ ಬೂದಿಯೂ ಎದ್ದಿತು. ಎದ್ದದ್ದೆಲ್ಲ ಹೋಗಿ ಹಸಿ ಮೇಣದ ಮೇಲೆ ಕೂತಿತು.

ಬೆಳಗಾದಾಗ ಕಾರು ಮೈತುಂಬ ವಿಭೂತಿ ಬಳಿದುಕೊಂಡು ನಿಂತಿತ್ತು. ಅಲ್ಲಲ್ಲಿ ನಮ್ಮಿಬ್ಬರ ಅಂಗೈ ಗುರುತು. ಮಗ ನೋಡಿದ, ಬಾಗಿಲು ತೆಗೆದು ಓಡಿಸುವ ಜಾಗದಲ್ಲಿ ಕೂತ. ನಾನೂ ಹಿಂದೆ ಕೂತೆ. ದಾರಿಯುದ್ದಕ್ಕೂ ಎರೆ ಧೂಳು ಬಂದು ಬೂದಿಯ ಮೇಲೆ ಅಂಟಿತು. ಬೀಗತಿಗೆ ಏನು ಹೇಳಬೇಕೆಂದು ಮೂರು ಥರ ಜೋಡಿಸಿದೆ, ಮೂರೂ ನರಗುಂದದ ಗುಡ್ಡ ಕಂಡ ಕೂಡಲೇ ಮರೆತುಹೋದವು.

ಕಾರಿನ ಸದ್ದಿಗೆ ಓಣಿಯವರೆಲ್ಲ ಬಾಗಿಲಿಗೆ ಬಂದರು, ತೊಟ್ಟಿಲ ದಿನ ಕಾದು ಕೂತಿದ್ದವರೇ. ಬೀಗತಿ ಬಂದು ಮೂಗಿಗೆ ಸೆರಗು ಹಿಡಿದಳು. ಹಿಂದೆಯೇ ನಾಗವ್ವ, ಬಗಲಲ್ಲಿ ಕೂಸು. ಗಂಡನನ್ನು ನೋಡಲಿಲ್ಲ. ಕಾರಿನ ಸುತ್ತ ಅರ್ಧ ಸುತ್ತು ಬಂದಳು. ಬಗ್ಗಿ ಮೂಸಿದಳು. ಐದು ತಿಂಗಳು ಅದೇ ಹೊಗೆಯಲ್ಲಿ ಮಲಗಿದವಳಿಗೆ ಅದರ ಗುರುತು ಹತ್ತದೆ ಇರುತ್ತದೆಯೇ?

ಮುಖ ಗಂಟು ಹಾಕಿಕೊಂಡೇ ಕೇಳಿದಳು: "ಇದರ ಬಾಣಂತನಾ ನೀವ ಮಾಡಿದ್ರೇನ್ರಿ ಅತ್ತಿ?"

"ಹೂಂನವಾ," ಅಂದೆ. "ನಿಂದು ಮಾಡಾಕ ಸಿಗಲಿಲ್ಲ."

ಬೀಗತಿ ಮೊದಲು ನಕ್ಕಳು. ನಾಗವ್ವ ನಗಬಾರದೆಂದು ತುಟಿ ಕಚ್ಚಿದ್ದಳು, ಕೂಸು ಅಲುಗಾಡುವುದನ್ನು ನೋಡಿ ನನಗೆ ಗೊತ್ತಾಯಿತು. ಕೊನೆಗೆ ಗಂಡನ ಕಡೆ ತಿರುಗಿ ಕೂಸನ್ನು ಮುಂದೆ ಚಾಚಿದಳು. ಅವನು ಕೈ ನೀಡಲಿಲ್ಲ. ಮೇಣ, ಬೂದಿ, ಧೂಳು. ಧೋತರಕ್ಕೆ ಒಂದು ಸಲ ಒರೆಸಿಕೊಂಡ, ಇನ್ನೊಂದು ಸಲ ಒರೆಸಿಕೊಂಡ. ರಾತ್ರಿಯೆಲ್ಲ ಕಾರು ತಿಕ್ಕಿದವನು ಈಗ ಅಂಗೈ ತಿಕ್ಕುತ್ತ ನಿಂತ.

"ಇರಲಿ, ಹಿಡೀರಿ," ಅಂದಳು ಅವಳು. "ಅದಕ್ಕೇನು ತಿಳೀತೈತಿ."

ಸಂಜೆ ಹೊತ್ತಿಗೆ ನಾಲ್ಕೂ ಮಂದಿ ರೋಣಕ್ಕೆ ಬಂದೆವು.

ಕಾರು ಈಗಲೂ ಬೇವಿನ ಕೆಳಗೇ ಇದೆ, ಮೊದಲಿನ ಬಣ್ಣ ಯಾವುದೆಂದು ನಾವು ಹೇಳಬೇಕು. ಡಬ್ಬಿಯಲ್ಲಿ ಉಳಿದ ಮೇಣವನ್ನು ಮಗ ತೊಟ್ಟಿಲಿನ ಕೊಂಡಿಗೆ ಹಚ್ಚಿದ್ದಾನೆ, ಕಿರುಗುಟ್ಟುವುದು ನಿಂತಿದೆ. ರಾತ್ರಿ ಹೊರಗೆ ಇಬ್ಬನಿ ಬೀಳುತ್ತದೆ, ಯಾರೂ ಎದ್ದು ನೋಡುವುದಿಲ್ಲ. ಬೀಳಲಿ. ಜೋಳಕ್ಕೆ ಬೇಕು.