ಕೈವಾಡ ಎಂಬ ಮಾತು

ಹೋದ ವಾರ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಎರಡು ವಡೆ ಕಟ್ಟಿಸಿಕೊಂಡೆ. ಸುತ್ತಿಕೊಟ್ಟ ಹಳೆಯ ಪೇಪರಿನಲ್ಲಿ, ಎಣ್ಣೆ ಇಳಿದ ಜಾಗದಲ್ಲೇ, ಒಂದು ಸಾಲು ಹೊಳೆಯುತ್ತಿತ್ತು: ‘ಹೊರರಾಜ್ಯದವರ ಕೈವಾಡ ಶಂಕೆ.’ ಯಾವ ಊರಿನ ಸುದ್ದಿಯೋ ತಿಳಿಯದು. ಉಳಿದರ್ಧ ಇನ್ನಾರದೋ ವಡೆಯ ಜೊತೆ ಹೋಗಿತ್ತು. ಆದರೆ ಆ ಸಾಲಿನ ಪರಿಚಯ ನನಗೆ ಚೆನ್ನಾಗಿದೆ. ಅದನ್ನು ನಾನೂ ಬರೆದಿದ್ದೇನೆ.

ನನ್ನನ್ನು ದೊಡ್ಡ ಪತ್ರಕರ್ತನೆಂದು ತಿಳಿಯಬೇಡಿ. ಜಿಲ್ಲೆಯ ಗಡಿ ದಾಟದ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುವವನು. ತೆಂಗಿನ ನುಸಿ ರೋಗ, ಸಂಘದ ವಾರ್ಷಿಕ ಸಭೆ, ಕೆಟ್ಟು ನಿಂತ ಬೋರ್‌ವೆಲ್ಲು, ಇಷ್ಟೇ ನನ್ನ ಸಾಮ್ರಾಜ್ಯ. ಬೈಕಿನ ಮೇಲೆ ‘ಪ್ರೆಸ್’ ಎಂದು ಬರೆಸಿದ್ದೇನೆ. ಬೈಕಿಗಿಂತ ಅಕ್ಷರ ಚೆನ್ನಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹಾರನಹಳ್ಳಿಯಿಂದ ಫೋನ್ ಬಂತು. ನಿವೃತ್ತ ಶಿಕ್ಷಕಿ ರತ್ನಮ್ಮನವರ ತಲೆಗೆ ಯಾರೋ ಅವರ ಮನೆಯಲ್ಲೇ ಹೊಡೆದಿದ್ದರು. ಏಳನೇ ತರಗತಿಯಲ್ಲಿ ನನಗೆ ಕನ್ನಡ ಕಲಿಸಿದ ಮೇಡಂ ಅವರು. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು, ಪ್ರಜ್ಞೆ ಇರಲಿಲ್ಲ. ಗೇಟಿನ ಬಳಿ ಎದುರುಮನೆಯಾತ ಸಿಕ್ಕ.

“ಆ ಅಸ್ಸಾಮಿನೋನು ಇದಾನಲ್ಲ ಸಾ, ಚಪ್ಪಟೆ ಮೂಗು, ಅವ್ನೇ. ಅಂಗಿ ತುಂಬಾ ರಕ್ತ. ಕಣ್ಣಾರೆ ಕಂಡೆ.”

“ಹೊಡೆದಿದ್ದು ನೋಡಿದ್ರಾ?”

“ಹೊಡ್ದಿದ್ದು ನೋಡ್ಲಿಲ್ಲ. ಇನ್ಯಾರು ಹೊಡೀತಾರೆ ಹೇಳಿ? ನಮ್ಮೋರು ಇಂಥ ಕೆಲ್ಸ ಮಾಡ್ತಾರಾ?”

ಈ ತರ್ಕ ಆಗ ನನಗೆ ಸಾಕಷ್ಟು ಗಟ್ಟಿಯಾಗಿಯೇ ಕಂಡಿತು. ಬೈಕಿನ ಮೇಲೆ ಕೂತೇ ಟೈಪು ಮಾಡಿ ಕಳಿಸಿದೆ: ‘ಈ ಭಾಗದಲ್ಲಿ ಹೊರರಾಜ್ಯದ ಕಾರ್ಮಿಕರು ಹೆಚ್ಚುತ್ತಿದ್ದು, ಅವರ ಕೈವಾಡವಿರಬಹುದೆಂದು ಸ್ಥಳೀಯರು ಶಂಕಿಸಿದ್ದಾರೆ.’ ಮೊದಲ ಪುಟದಲ್ಲಿ ಬಂತು. ನನ್ನ ಜೀವಮಾನದಲ್ಲಿ ಮೊದಲ ಪುಟ ಅದೇ ಮೊದಲು. ನಾಲ್ಕು ಪ್ರತಿ ಕೊಂಡೆ.

ಮಾರನೆಯ ದಿನ ಬಿಮಲ್ ನನ್ನನ್ನು ಹುಡುಕಿಕೊಂಡು ಬಂದ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಅಸ್ಸಾಮಿನ ಹುಡುಗ, ಇಪ್ಪತ್ತೈದರ ಒಳಗಿನವನು. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ನಮ್ಮ ಪತ್ರಿಕೆ. ನನ್ನ ಎದುರು ಕೂತು, ಬೆರಳಿಟ್ಟು, ಅಕ್ಷರ ಕೂಡಿಸಿ ಓದತೊಡಗಿದ.

“ಕೈ... ವಾ... ಡ. ಸರ್, ಕೈವಾಡ ಅಂದ್ರೆ ಏನು? ಮೇಡಂ ಇದು ಹೇಳಿಕೊಟ್ಟಿಲ್ಲ.”

“ಯಾವ ಮೇಡಂ?”

“ರತ್ನಮ್ಮ ಮೇಡಂ. ದಿನಾ ಸಂಜೆ ಅವರ ಜಗಲಿ ಮೇಲೆ ನನಗೆ ಕನ್ನಡ ಕಲಿಸ್ತಾರೆ.”

“ಕೈವಾಡ ಅಂದ್ರೆ, ಕೈ ಇರೋದು ಅಂತ,” ಎಂದೆ.

“ಕೈ ಇತ್ತು ಸರ್,” ಎಂದು ಅವನು ಎರಡೂ ಅಂಗೈ ತೋರಿಸಿದ. “ಪಾಠಕ್ಕೆ ಹೋದಾಗ ಮೇಡಂ ಬಿದ್ದಿದ್ರು. ಎತ್ತಿ ಆಟೋಗೆ ಹಾಕಿದ್ದು ಇದೇ ಕೈ. ಪೊಲೀಸು ಆಟೋದವನನ್ನ ಕೇಳಿ ನನ್ನ ಬಿಟ್ಟರು. ರೂಮ್ ಓನರ್ ಪೇಪರ್ ತೋರಿಸಿ ಹೋಗು ಅಂದ. ಇದ್ರಲ್ಲಿ ನನ್ನ ಹೆಸರು ಎಲ್ಲಿದೆ ಸರ್?”

“ನಿನ್ನ ಹೆಸರಿಲ್ಲ.”

“ಮತ್ತೆ ರೂಮು ಯಾಕೆ ಹೋಯ್ತು?”

ಪೊಲೀಸರು ಕೇಳಿದ ಆಟೋದವನನ್ನು ನಾನು ಕೇಳಿರಲಿಲ್ಲ. ಟೀ ಕುಡಿ ಎಂದೆ. ಬೇಡವೆಂದು ಚೀಲ ಎತ್ತಿಕೊಂಡು ಹೋದ.

ನಾಲ್ಕನೆಯ ದಿನ ಮೇಡಂಗೆ ಪ್ರಜ್ಞೆ ಬಂತು. ಹೊಡೆದವನು ಅವರ ಅಣ್ಣನ ಮಗ. ಮನೆ ತನ್ನ ಹೆಸರಿಗೆ ಬರೆದುಕೊಡಲಿಲ್ಲವೆಂಬ ಸಿಟ್ಟು. ಅದನ್ನೂ ಬರೆದು ಕಳಿಸಿದೆ. ಸಂಪಾದಕರು ಫೋನಿನಲ್ಲಿ, “ಹೆಸರು ಬೇಡ ಬಿಡ್ರೀ, ಮರ್ಯಾದಸ್ಥರ ಮನೆ,” ಎಂದರು. ಐದನೆಯ ಪುಟದಲ್ಲಿ, ‘ಕೌಟುಂಬಿಕ ಕಲಹ: ಶಿಕ್ಷಕಿಗೆ ಗಾಯ’ ಎಂದು ಬಂತು. ಗಾಯ ತಾನಾಗಿ ಆಗಿತ್ತು. ಯಾರ ಕೈವಾಡವೂ ಇರಲಿಲ್ಲ. ಮೊದಲಿನ ಸುದ್ದಿಗೆ ವಿಷಾದ ಹಾಕೋಣವೆಂದೆ. “ಯಾರ ಹೆಸರೂ ಹಾಕಿಲ್ವಲ್ರೀ, ಯಾರಿಗೆ ಅಂತ ವಿಷಾದ ಹೇಳೋದು?” ಎಂದರು.

ಆಸ್ಪತ್ರೆಗೆ ಹೋದಾಗ ಮೇಡಂ ತಲೆಗೆ ಪಟ್ಟಿ ಸುತ್ತಿಕೊಂಡೇ ಪೇಪರು ಓದುತ್ತಿದ್ದರು.

“ಏನಯ್ಯಾ, ‘ಸ್ಥಳೀಯರು’ ಅಂತ ಬರೆದಿದೀಯ. ಎಷ್ಟು ಜನ?”

“ಒಬ್ರು, ಮೇಡಂ.”

“ಗೌರವಕ್ಕೆ ಬಹುವಚನವೋ?” ಎಂದು ಕನ್ನಡಕ ತೆಗೆದರು. “ಆ ಹುಡುಗ ಎಲ್ಲಿದಾನೋ ಹುಡುಕಿ ಕರ್ಕೊಂಡು ಬಾ. ಒತ್ತಕ್ಷರ ಇನ್ನೂ ಬಾಕಿ ಇದೆ.”

ವಾರ ಕಳೆದ ಮೇಲೆ ಅವನು ಬೇಲೂರಿನ ಹೋಟೆಲೊಂದರ ಹಿಂದುಗಡೆ ಈರುಳ್ಳಿ ಹೆಚ್ಚುತ್ತಾ ಸಿಕ್ಕ. ತಪ್ಪು ನನ್ನದು ಎಂದೆ. ಈರುಳ್ಳಿಯ ಖಾರಕ್ಕೆ ಇಬ್ಬರ ಕಣ್ಣೂ ಒದ್ದೆಯಾಗಿದ್ದರಿಂದ ಯಾರು ಅತ್ತರೆಂದು ನಿಖರವಾಗಿ ವರದಿ ಮಾಡಲಾರೆ.

“ಇದು ಪೇಪರಲ್ಲಿ ಬರುತ್ತಾ ಸರ್?” ಎಂದ.

“ಇಲ್ಲ.”

ತಲೆಯಾಡಿಸಿ ಮತ್ತೆ ಹೆಚ್ಚತೊಡಗಿದ. ಮೇಡಂ ಅವರನ್ನು ನೋಡಲು ಒಂದು ಭಾನುವಾರ ಬಂದು ಹೋದನಂತೆ. ಹಾರನಹಳ್ಳಿಯಲ್ಲಿ ಉಳಿಯಲು ಒಪ್ಪಲಿಲ್ಲ.

ಹೋದ ವಾರ ಆ ವಡೆ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಬಾಣಾವರದಿಂದ ಫೋನ್: ಸಂತೆಯಲ್ಲಿ ವ್ಯಾಪಾರಿಯೊಬ್ಬರಿಗೆ ಚೂರಿ ಹಾಕಿದ್ದಾರೆ. ಹೋದೆ.

“ಹಿಂದಿಯೋರು ಸಾ, ಇನ್ಯಾರು,” ಎಂದ ಒಬ್ಬ.

“ನೀವು ನೋಡಿದ್ರಾ?”

“ನೋಡ್ಲಿಲ್ಲ.”

ಇನ್ನೂ ಆರು ಜನರನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ‘ಚೂರಿ ಹಾಕಿದವರು ಯಾರೆಂದು ತಿಳಿದುಬಂದಿಲ್ಲ’ ಎಂದು ಬರೆದು ಕಳಿಸಿದೆ. ಐದು ನಿಮಿಷಕ್ಕೆ ಸಂಪಾದಕರು ಫೋನ್ ಮಾಡಿದರು.

“ಸುದ್ದಿ ತೀರಾ ಸಪ್ಪೆ ಆಯ್ತಲ್ರೀ. ಜನ ಏನೂ ಹೇಳ್ತಿಲ್ವಾ?”

“ಹೇಳ್ತಿದಾರೆ ಸರ್,” ಎಂದೆ. “ಗೊತ್ತಿರೋದು ಮಾತ್ರ ಇಷ್ಟೇ.”