ಹತ್ತು ತಟ್ಟೆಗೆ ಬರೀ ನೀರು

ಆರು ತಿಂಗಳು ನಾನು ನನ್ನ ಕೈಯನ್ನೇ ಬೈದುಕೊಂಡೆ. ಗ್ಲೌಸ್ ಹಾಕಿದ ಕೈ, ಸ್ಪಿರಿಟ್‌ನಲ್ಲಿ ಒರೆಸಿದ ಕೈ, ಟ್ಯೂಬಿನ ಮುಚ್ಚಳ ತೆಗೆಯುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದವಳ ಕೈ. ಅದೇ ತಪ್ಪು ಮಾಡುತ್ತಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಈಗ ನೆನೆಸಿಕೊಂಡರೆ ಅದೇ ಕೈಯಲ್ಲಿ ಕೆನ್ನೆಗೆ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮದು ಶಿಡ್ಲಘಟ್ಟ. ನಮ್ಮ ಅಬ್ಬಾ ರೀಲರ್. ಮಾರುಕಟ್ಟೆಯಿಂದ ರೇಷ್ಮೆಗೂಡು ತಂದು, ಬೇಯಿಸಿ, ನೂಲು ಬಿಚ್ಚಿಸುವುದು ನಮ್ಮ ಮನೆಗೆ ಅಜ್ಜನ ಕಾಲದಿಂದ ಬಂದ ಕೆಲಸ. ರೇಷ್ಮೆಹುಳುವನ್ನು ಅದು ತಿಂದು ಓಡಾಡುವಾಗ ನಮ್ಮಲ್ಲಿ ಯಾರೂ ಸರಿಯಾಗಿ ನೋಡಿದವರಲ್ಲ. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಗೂಡಿನೊಳಗೆ ಸೇರಿಕೊಂಡಿರುತ್ತದೆ. ಅಂಥ ಮನೆಯವಳು ನಾನು ಚಿಂತಾಮಣಿ ಕಡೆಯ ಒಂದು ಲ್ಯಾಬ್‌ನಲ್ಲಿ, ಹುಳುವಿನ ಜೀನ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದು ಹೋಗಿ ಕೂತೆ. ಯಾರೂ ಬಲವಂತ ಮಾಡಿರಲಿಲ್ಲ, ಆದ್ದರಿಂದ ಯಾರನ್ನೂ ಬೈಯುವ ಹಾಗೂ ಇಲ್ಲ.

ವಿಷಯ ಇಷ್ಟೇ. ಬೇಸಿಗೆಯ ಸೆಖೆಗೆ ಹುಳು ಸೋಲುತ್ತದೆ. ಒಂದು ಗಿಡಮೂಲಿಕೆಯ ಪುಡಿಯನ್ನು ನೀರಿನಲ್ಲಿ ಕಲಸಿ ಹಿಪ್ಪುನೇರಳೆ ಸೊಪ್ಪಿಗೆ ಸಿಂಪಡಿಸಿದರೆ ಅದು ಸೆಖೆ ತಡೆದುಕೊಳ್ಳುತ್ತದೆಯೇ ಎಂದು ನೋಡಬೇಕು. ತಡೆದುಕೊಳ್ಳುವುದಾದರೆ, ಸೆಖೆಯಿಂದ ಕಾಪಾಡುವ ಒಂದು ಜೀನ್ ಅದರ ಜೀವಕೋಶಗಳಲ್ಲಿ ಜೋರಾಗಿ ಕೆಲಸ ಮಾಡುತ್ತಿರಬೇಕು. ಜೀನ್ ಎಲ್ಲ ಕೋಶದಲ್ಲೂ ಇರುತ್ತದೆ, ಬಹಳಷ್ಟು ಸಲ ಸುಮ್ಮನೆ ಬಿದ್ದಿರುತ್ತದೆ. ಕೆಲಸಕ್ಕೆ ಇಳಿದಾಗ ಮಾತ್ರ ಆರ್‌ಎನ್‌ಎ ಎಂಬ ಚೀಟಿಗಳನ್ನು ಬರೆದು ಕಳಿಸುತ್ತದೆ. ಆ ಚೀಟಿಗಳು ಎಷ್ಟಿವೆ ಎಂದು ಎಣಿಸಿದರೆ ಜೀನ್ ದುಡಿಯುತ್ತಿದೆಯೋ ಮಲಗಿದೆಯೋ ತಿಳಿಯುತ್ತದೆ. ಕೇಳಲು ಎಷ್ಟು ಸಲೀಸು! ಇಷ್ಟಕ್ಕೆ ನನ್ನ ತಲೆಗೂದಲು ಅರ್ಧ ಉದುರಿತು.

ಯಾಕೆಂದರೆ ಆ ಚೀಟಿಯಂಥ ಹಾಳು ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಹುಳು ಸತ್ತರೆ ಸಾಕು, ನಾಶವಾಗಲು ಶುರು. ಬೆವರು ತಾಕಿದರೆ ಹೋಯಿತು, ಮಾತಾಡುವಾಗ ಎಂಜಲು ಸಿಡಿದರೆ ಹೋಯಿತು, ಕರೆಂಟ್ ಹೋಗಿ ಫ್ರೀಜರ್ ಬೆಚ್ಚಗಾದರೆ ಪೂರ್ತಿ ಹೋಯಿತು. ಹಾಗಾಗಿ ಹುಳು ಸಾಕುವ ಮನೆಯಲ್ಲೇ ಕೂತು ಹುಳುವನ್ನು ಕೊಯ್ದು, ಬೇಕಾದ ಭಾಗವನ್ನು ಟ್ಯೂಬಿಗೆ ಹಾಕಿ, ಆ ಕ್ಷಣವೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಅದು ಹೊಗೆಯಾಡುವ, ಮುಟ್ಟಿದರೆ ಚರ್ಮ ಸುಡುವಷ್ಟು ತಣ್ಣನೆಯ ದ್ರವ. ಅದನ್ನು ತುಂಬಿದ ಕ್ಯಾನ್ ಹಿಡಿದು ನಮ್ಮ ಸೀಮೆಯಲ್ಲಿ ಓಡಾಡುವವರು ಹಸುವಿಗೆ ಸೂಜಿ ಮಾಡುವವರು ಮಾತ್ರ. ಹೋರಿಯ ವೀರ್ಯವನ್ನು ಅವರು ಅದರಲ್ಲೇ ಕೆಡದಂತೆ ಇಟ್ಟುಕೊಂಡಿರುತ್ತಾರೆ.

ಸರಿ, ನಾನು ಸಾದಲಿಯಲ್ಲಿ ಬಸ್ ಇಳಿದು ಕ್ಯಾನ್ ಎತ್ತಿಕೊಂಡು ನಡೆದರೆ ದಾರಿಯುದ್ದಕ್ಕೂ ಕರೆ.

“ಏನಮ್ಮಾ, ನಮ್ ಹಸು ಬೆದೆಗೆ ಬಂದು ನೆನ್ನೆಯಿಂದ ಕೂಗ್ತಾ ಐತೆ, ಒಂದು ಸೂಜಿ ಹಾಕ್ಬಿಟ್ಟು ಹೋಗಮ್ಮಾ!”

ನಾನು ಹಸುವಿನವಳಲ್ಲ, ಹುಳುವಿನವಳು ಎಂದರೆ ಯಾರು ನಂಬುತ್ತಾರೆ? “ಹುಳಕ್ಕೂ ಸೂಜಿ ಬಂದೈತಾ?” ಎಂದು ಜಗಲಿಯ ಮೇಲಿದ್ದ ಒಬ್ಬ ಯಜಮಾನರು ಬೆರಗಾಗಿ ಕೇಳಿದರು. ಬಿಸಿಲು ನೆತ್ತಿ ಸುಡುತ್ತಿತ್ತು, ಕ್ಯಾನಿನ ಹಿಡಿ ಬೆರಳು ಕತ್ತರಿಸುತ್ತಿತ್ತು. ಹೌದು ತಾತ, ಬಂದಿದೆ ಎಂದುಬಿಟ್ಟೆ.

ಹೋಗುತ್ತಿದ್ದುದು ಸಾದಲಿಯ ಪಕ್ಕದ ಹಳ್ಳಿಯಲ್ಲಿ ಹುಳು ಮೇಯಿಸುವ ಒಬ್ಬ ಹೆಂಗಸಿನ ಮನೆಗೆ. ಐವತ್ತು ದಾಟಿದವರು. ನಾನು ಅಕ್ಕಾ ಎನ್ನುತ್ತಿದ್ದೆ. ಮೊದಲ ದಿನ ನನ್ನ ಊರು, ಅಬ್ಬಾನ ಕೆಲಸ ಕೇಳಿ ತಿಳಿದುಕೊಂಡು ಗಟ್ಟಿಯಾಗಿ ನಕ್ಕರು. “ರೀಲರ್ ಮಗಳಾ? ನಿಮ್ಮಪ್ಪ ಮಾರ್ಕೆಟ್‌ನಾಗೆ ನಮ್ ಗೂಡು ನೋಡಿ ಮೂತಿ ತಿರುವ್ತಾರೆ, ನೀನು ನಮ್ ಹುಳ ನೋಡಕ್ ಬಂದಿದ್ದೀಯ! ಬಾರಮ್ಮಾ, ಕಾಲು ತೊಳ್ಕೊಂಡು ಬಾ.”

ಮರಿಹುಳು ಸಾಕುವ ಚಿಕ್ಕ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಅಲ್ಲಿ ಇಪ್ಪತ್ತು ತಟ್ಟೆ ಇಟ್ಟೆ, ತಟ್ಟೆಗೆ ನೂರು ಹುಳು. ಹತ್ತು ತಟ್ಟೆಯ ಸೊಪ್ಪಿಗೆ ಹಸಿರು ಮುಚ್ಚಳದ ಬಾಟಲಿಯ ಔಷಧಿ ನೀರು, ಇನ್ನು ಹತ್ತಕ್ಕೆ ಬಿಳಿ ಮುಚ್ಚಳದ ಬಾಟಲಿಯ ಬರೀ ನೀರು. ಎರಡನ್ನೂ ಹೋಲಿಸುವುದೇ ಪ್ರಯೋಗ. ದಿನಕ್ಕೆ ಮೂರು ಹೊತ್ತು ಸೊಪ್ಪು ಹಾಕುವುದು ಅಕ್ಕನ ಕೆಲಸ, ಕ್ಯಾನ್ ಹೊತ್ತು ಬಂದು ಹುಳು ಕೊಯ್ಯುವುದು ನನ್ನದು. “ಇದು ಈ ಕಡೇದಕ್ಕೆ, ಅದು ಆ ಕಡೇದಕ್ಕೆ, ಅಷ್ಟೇ ಅಕ್ಕಾ” ಎಂದೆ. ಅಷ್ಟೇನಾ ಅಂದರು. ಅಷ್ಟೇ ಅಂದೆ.

ಲ್ಯಾಬ್‌ನಲ್ಲಿ ಆ ಟ್ಯೂಬ್‌ಗಳನ್ನು ಅರೆದು, ಗುಲಾಬಿ ಬಣ್ಣದ ಒಂದು ಘಾಟು ದ್ರಾವಣದಲ್ಲಿ ಕದಡಿ, ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎಗೆ ತಿರುಗಿಸಿ ಯಂತ್ರಕ್ಕೆ ಹಾಕುತ್ತಿದ್ದೆ. ಯಂತ್ರ ಅದನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಮಾಡುತ್ತ ಹೋಗುತ್ತದೆ. ಒಂದು ಮಟ್ಟ ಮುಟ್ಟಿದಾಗ ಹೊಳಪು ಕಾಣುತ್ತದೆ. ಬೇಗ ಹೊಳೆದರೆ ಚೀಟಿ ಹೆಚ್ಚಿದ್ದವು ಎಂದು ಅರ್ಥ, ತಡವಾದರೆ ಕಡಿಮೆ. ಔಷಧಿಯ ಗುಂಪು ಬೇಗ ಹೊಳೆಯಬೇಕಿತ್ತು. ಪರದೆಯ ಮೇಲೆ ಎರಡೂ ಗುಂಪಿನ ಗೆರೆಗಳು ಒಂದರ ಮೇಲೊಂದು ಬಿದ್ದವು. ಮತ್ತೆ ಮಾಡಿದೆ. ಮತ್ತೆ ಹಾಗೇ. ಇನ್ನೊಂದು ಬೆಳೆ ಹುಳು ಸಾಕಿಸಿ ಮಾಡಿದೆ, ಆಗಲೂ ಹಾಗೇ! ಪಿಪೆಟ್ ಬದಲಿಸಿದೆ, ಕಿಟ್ ಬದಲಿಸಿದೆ. ಹೋಲಿಕೆಗೆಂದು ಏರಿಳಿಯದ ಇನ್ನೊಂದು ಜೀನ್ ಇಟ್ಟುಕೊಂಡಿರುತ್ತೇವೆ, ಅದನ್ನೂ ಬದಲಿಸಿದೆ. ಗೆರೆಗಳು ಅಲುಗಲಿಲ್ಲ.

“ಟ್ಯೂಬ್ ಅದಲುಬದಲು ಮಾಡಿದ್ದೀಯ ಕಣಮ್ಮಾ,” ಎಂದರು ನಮ್ಮ ಗೈಡ್ ಮೇಡಂ.

“ಇಲ್ಲ ಮೇಡಂ. ವೋಲ್ಟೇಜ್ ಏನಾದ್ರೂ...”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೇ ತಿಂಗಳೊಳಗೆ ಈ ಅಧ್ಯಾಯ ಕೊಡದೇ ಇದ್ರೆ ನಿನ್ನ ನೋಂದಣಿ ರದ್ದಾಗುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡ.”

ಐದು ವರ್ಷ! ನನ್ನ ಜೊತೆಯವರು ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದ್ದರು. ಅಬ್ಬಾ ಒಂದು ಸಂಜೆ ಚಹಾ ಕುಡಿಯುತ್ತ, “ಇಷ್ಟು ವರ್ಷ ಹುಳ ನೋಡಿದೆಯಲ್ಲ ಬೇಟಿ, ನೂಲು ಎಷ್ಟು ಬಂತು?” ಎಂದರು. ತಮಾಷೆಗೇ ಅಂದದ್ದು. ನಾನು ಲೋಟ ಕುಕ್ಕಿ ಎದ್ದುಹೋದೆ. ಡಿಗ್ರಿ ಕೈತಪ್ಪುತ್ತದೆ ಎಂಬ ಭಯಕ್ಕಿಂತ, ನಾನು ಟ್ಯೂಬಿಗೆ ಹೆಸರು ಬರೆಯಲೂ ಬಾರದವಳು ಎಂಬ ಮಾತು ನನ್ನನ್ನು ಸುಡುತ್ತಿತ್ತು.

ಮಾರ್ಚ್‌ನ ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಅಕ್ಕ ಅಂಗಳದಲ್ಲಿ ಕೂತು ಬಕೆಟ್ಟಿಗೆ ಹಸಿರು ಮುಚ್ಚಳದ ಬಾಟಲಿ ಸುರಿಯುತ್ತಿದ್ದರು. ಅದನ್ನು ಕೆಳಗಿಟ್ಟು ಬಿಳಿ ಮುಚ್ಚಳದ್ದನ್ನು ಎತ್ತಿ ಅದೇ ಬಕೆಟ್ಟಿಗೆ ಸುರಿದರು.

“ಅಕ್ಕಾ! ಏನ್ ಮಾಡ್ತಿದ್ದೀರಾ?”

“ಸೊಪ್ಪಿಗೆ ಹೊಡಿಯಕ್ಕೆ ಕಲಸ್ತಾ ಇದೀನಮ್ಮಾ.”

“ಎರಡನ್ನೂ ಒಂದಕ್ಕೇ?”

“ಇನ್ನೇನು ಮಾಡ್ಲಿ? ನೀನು ಔಷಧಿ ಕೊಡೋದು ಹತ್ತೇ ತಟ್ಟೆಗೆ. ಮಿಕ್ಕ ಹತ್ತು ಏನು ಪಾಪ ಮಾಡಿದ್ವು? ಸಮನಾಗಿ ಬೆರೆಸಿ ಇಪ್ಪತ್ತಕ್ಕೂ ಹಾಕ್ತೀನಿ. ಮೊದಲ್ನೇ ಬೆಳೆಯಿಂದ್ಲೂ ಅಷ್ಟೇ.”

ಯಾ ಅಲ್ಲಾ! ಆಮೇಲೆ ಏನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ನನ್ನ ಐದು ವರ್ಷ, ನನ್ನ ಮರ್ಯಾದೆ, ಮೇಡಂ ಬೈಗುಳ, ಎಲ್ಲವನ್ನೂ ಆ ಅಂಗಳದಲ್ಲಿ ಸುರಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅಕ್ಕ ಮಾತ್ರ ಬಕೆಟ್ ಕದಡುವುದನ್ನು ನಿಲ್ಲಿಸಲಿಲ್ಲ.

“ಊಟಕ್ಕೆ ಕೂತೋರಲ್ಲಿ ಅರ್ಧ ಜನಕ್ಕೆ ತುಪ್ಪ ಬಡಿಸಿ ಅರ್ಧ ಜನಕ್ಕೆ ನೀರು ಬಡಿಸ್ತಾರಾ? ಪಂಕ್ತಿಭೇದ ಮಾಡಬಾರ್ದು, ಪಾಪಮು ಕದಮ್ಮಾ, ಪಾಪ ಅಲ್ವಾ! ಈ ಕೈಯಲ್ಲಿ ಅದು ಆಗಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟೂ ಬಂತು, ನಗುವೂ ಬಂತು. ಆ ಬಡಪಾಯಿ ಯಂತ್ರ ಆರು ತಿಂಗಳಿಂದ ನಿಜವನ್ನೇ ಹೇಳುತ್ತಿತ್ತು. ಎರಡೂ ಗುಂಪಿಗೆ ಒಂದೇ ಔಷಧಿ ಬಿದ್ದಿದೆ, ಎರಡೂ ಒಂದೇ ಉತ್ತರ ಕೊಟ್ಟಿವೆ. ನನ್ನ ಕೈ ಸರಿಯಾಗಿತ್ತು. ಅಷ್ಟೇ ಅಕ್ಕಾ ಎಂದು ಮಾತು ಮುಗಿಸಿದ್ದ ನನ್ನ ಬಾಯಿ ಸರಿ ಇರಲಿಲ್ಲ.

ಮೇ ಮುಗಿಯುವುದರೊಳಗೆ ಇನ್ನೊಂದೇ ಬೆಳೆಗೆ ಸಮಯವಿತ್ತು. ಈ ಸಲ ಕೂತು ವಿವರಿಸಿದೆ. ಬರೀ ನೀರಿನ ಹುಳು ಇಲ್ಲದಿದ್ದರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಹೇಳಲು ಆಗುವುದಿಲ್ಲ ಎಂದೆ. ಅಕ್ಕನಿಗೆ ತಕ್ಷಣ ಅರ್ಥವಾಯಿತು. “ಸರಿ, ಹಂಗಾದ್ರೆ ನೀನೇ ಹಾಕು. ನಾನು ಹಾಕಲ್ಲ,” ಎಂದರು. ಸಿಂಪಡಿಸುವುದು ಹುಳುವಿನ ಕೊನೆಯ ವಾರ ಮಾತ್ರ, ಆ ವಾರ ಅವರ ಮನೆಯಲ್ಲೇ ಉಳಿದೆ. ಮೂರು ಹೊತ್ತೂ ನಾನೇ ಸಿಂಪಡಿಸಿದೆ, ಕೋಣೆಯ ಬೀಗದ ಕೈ ನನ್ನ ದುಪಟ್ಟಾದ ತುದಿಯಲ್ಲಿ ಕಟ್ಟಿಕೊಂಡೆ. ಅನ್ನ ಹಾಕುವವರ ಮನೆಯಲ್ಲೇ ಬೀಗ! ಆದರೆ ನಂಬಿ ಕೆಟ್ಟಿದ್ದೆನಲ್ಲ.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದು ಮೂರನೇ ದಿನ ಸೆಖೆ ವಿಪರೀತವಾಯಿತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೂ ಕೋಣೆ ಕಾದಿತ್ತು. ನೀರಿನ ಹತ್ತು ತಟ್ಟೆಯ ಹುಳುಗಳು ಸೊಪ್ಪು ಬಿಟ್ಟು ಅಂಚಿಗೆ ಸರಿದವು, ಮುಟ್ಟಿದರೆ ಮೈ ಮೆತ್ತಗೆ. ಅಕ್ಕ ಬಾಗಿಲಲ್ಲೇ ನಿಂತು ನೋಡಿದರು.

“ಸಪ್ಪೆ ರೋಗ ಬಿತ್ತಮ್ಮಾ. ಈಗ್ಲಾದ್ರೂ ಔಷಧಿ ಹಾಕಣ, ಅಷ್ಟೋ ಇಷ್ಟೋ ಉಳಿತಾವೆ.”

“ಆಗಲ್ಲ ಅಕ್ಕಾ. ಐದನೇ ದಿನ ಕೊಯ್ಯಬೇಕು. ಇನ್ನೆರಡು ದಿನ.”

“ಎರಡು ದಿನದಲ್ಲಿ ಏನಿರ್ತದಮ್ಮಾ ಅಲ್ಲಿ?”

“ನೀವು ಮತ್ತೆ ಕೈ ಹಾಕಿದ್ರೆ ನನ್ನ ಓದು ಮುಗೀತು, ಗೊತ್ತಾ?” ಎಂದು ಕಿರುಚಿದೆ. ಅವರು ಒಳಗೆ ಹೋದರು. ಆ ಹೊತ್ತು ಊಟಕ್ಕೆ ಮಾತ್ರ ಕರೆದರು, ಎಂದಿನಂತೆ.

ಐದನೇ ದಿನ ಬೆಳಿಗ್ಗೆ ಎರಡೂ ಕಡೆಯಿಂದ ನನಗೆ ಬೇಕಾದಷ್ಟು ಹುಳು ಸಿಕ್ಕವು. ನಾನು ಟ್ಯೂಬ್‌ಗಳನ್ನು ಕ್ಯಾನಿಗೆ ಇಳಿಸುವುದರಲ್ಲಿ ಮುಳುಗಿದ್ದಾಗ ಅಕ್ಕ ಸತ್ತ ಹುಳು ತುಂಬಿದ ಆ ನೀರಿನ ಹತ್ತು ತಟ್ಟೆಗಳನ್ನು ಒಂದೊಂದಾಗಿ ಹೊರಗೆ ಹೊತ್ತರು. ಹಿತ್ತಲಲ್ಲಿ ಗುಂಡಿಗೆ ಸುರಿದು, ಸುಣ್ಣ ಹಾಕಿ, ಮಣ್ಣು ಎಳೆದರು. ನನಗೆ ಬಸ್ಸಿನ ಹೊತ್ತಾಗಿತ್ತು.

ಆ ವಾರ ಪರದೆಯ ಮೇಲೆ ಗೆರೆಗಳು ಬೇರೆಯಾದವು. ಔಷಧಿಯವು ಮೊದಲು ಎದ್ದವು, ನೀರಿನವು ಎಷ್ಟೋ ಹಿಂದೆ. ಲ್ಯಾಬ್‌ನಲ್ಲಿ ಒಬ್ಬಳೇ ಕುಣಿದೆ. “ನೋಡು, ಗಮನ ಇಟ್ಟು ಮಾಡಿದ್ರೆ ಬರುತ್ತೆ,” ಎಂದರು ಮೇಡಂ. ಪಿತ್ತ ನೆತ್ತಿಗೇರಿತು, ಆದರೂ ಹಲ್ಲು ಕಚ್ಚಿಕೊಂಡು ಹೂಂ ಎಂದೆ. ಗಡುವಿಗೆ ಎರಡು ದಿನ ಇರುವಾಗ ಅಧ್ಯಾಯ ಕೊಟ್ಟೆ. ನೋಂದಣಿ ಉಳಿಯಿತು.

ಮುಂದಿನ ಭಾನುವಾರ ಸಿಹಿ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅವರು ತೋಟದಿಂದ ಆಗಷ್ಟೇ ಸೊಪ್ಪು ತಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ನಿಜವಾಗಿಯೂ ಖುಷಿಪಟ್ಟರು.

“ಹಂಗಾದ್ರೆ ಔಷಧಿ ಕೆಲ್ಸ ಮಾಡ್ತದೆ?”

“ಮಾಡುತ್ತೆ ಅಕ್ಕಾ.”

ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. “ಅವತ್ತು ಆ ನೀರಿನ ತಟ್ಟೆಗಳಿಂದ ಎಷ್ಟು ಹುಳ ತಗೊಂಡೆ ನೀನು?”

“ಹದಿನೈದು.”

“ಒಂದೊಂದ್ರಲ್ಲೂ ಹದಿನೈದಾ?”

“ಇಲ್ಲ, ಎಲ್ಲಾ ಸೇರಿ.”

ಅಕ್ಕ ಅಗಿಯುವುದನ್ನು ನಿಲ್ಲಿಸಿದರು. ಸಾವಿರ ಹುಳು ಇಟ್ಟಿದ್ದೆ. ಹತ್ತು ತಟ್ಟೆ ಎಂದು ಮೊದಲ ವರ್ಷವೇ ಸಂಶೋಧನಾ ಯೋಜನೆಯ ಕಾಗದದಲ್ಲಿ ಬರೆದಾಗಿತ್ತು. ನಾನಾಗಲಿ, ಮೇಡಂ ಆಗಲಿ, ಓದಿ ಸಹಿ ಹಾಕಿದವರಾಗಲಿ ಹತ್ತು ಯಾಕೆ ಎಂದು ಯಾರೂ ಕೇಳಿರಲಿಲ್ಲ.

“ಒಂದೇ ಒಂದು ತಟ್ಟೆಗೆ ನೀರು ಹಾಕಿ, ಮಿಕ್ಕ ಒಂಬತ್ತಕ್ಕೂ ಔಷಧಿ ಹಾಕಬಹುದಿತ್ತಲ್ಲಮ್ಮಾ,” ಎಂದರು ಅಕ್ಕ. “ಹದಿನೈದೇ ಸಾಕು ಅಂತ ಒಂದು ಮಾತು ಹೇಳಿದ್ರೆ, ನಾನೇ ಆರಿಸಿ ಕೊಡ್ತಿದ್ದೆ.”