ಬೇಲಿಯಾಚೆಯ ನಾಲ್ಕು ಕೊಡ

ನಮ್ಮ ಚಾಮರಾಜಪೇಟೆ ಮನೆಯ ತಾರಸಿಯಲ್ಲಿ ಎರಡು ಬದನೆ ಗಿಡಗಳಿವೆ. ಒಂದರ ಕಾಯಿಗೆ ದಾರ ಕಟ್ಟಿ ಬೀಜಕ್ಕೆಂದು ಬಿಟ್ಟಿದ್ದೇನೆ. ಬದನೆ ಹಳದಿಗೆ ತಿರುಗಲು ಎಷ್ಟು ದಿನ ಬೇಕು ಎಂದು ನೋಡಲು ನಿನ್ನೆ ಅಟ್ಟದಿಂದ ಹಳೆಯ ದಿನಚರಿ ಇಳಿಸಿದೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ರಾಜಸ್ಥಾನದ ಮರಳುಗಾಡಿನ ಹಳ್ಳಿಯೊಂದರಲ್ಲಿ ನಾನಿದ್ದ ಇನ್ನೂರ ಆರು ದಿನಗಳೂ ಅದರಲ್ಲಿವೆ. ನೂರ ನಲವತ್ತಮೂರನೇ ದಿನದ ಪುಟಕ್ಕೆ ಬರುವಷ್ಟರಲ್ಲಿ ಓದುವುದಕ್ಕೇ ದಣಿವಾಯಿತು.

ಅಲ್ಲಿ ನಾವು ಎಂಟು ಜನ ಒಂದೇ ಒಲೆಯ ಅಡುಗೆ ಉಂಡು, ಅಂಗಡಿಯ ಗೊಬ್ಬರ, ಔಷಧಿ ಮುಟ್ಟದೆ ಬೇಸಾಯ ಮಾಡುತ್ತಿದ್ದೆವು. ಜಮೀನು ಆ ಹಳ್ಳಿಯ ಒಬ್ಬ ಅಜ್ಜಿಯದು. ನನ್ನನ್ನು ಅಲ್ಲಿಗೆ ಕರೆದೊಯ್ದವರು ಮಾವಳ್ಳಿಯ ಅಕ್ಕ. ದೂರದ ಸಂಬಂಧಿ, ಶಾಲೆಯ ಕೆಲಸ ಬಿಟ್ಟು ನಾಲ್ಕು ವರ್ಷದಿಂದ ಅಲ್ಲಿದ್ದರು. ಮಾವಳ್ಳಿಯ ಹಿತ್ತಲಲ್ಲಿ ಅವರ ತಾಯಿ ಬೆಳೆಯುತ್ತಿದ್ದ ಬದನೆಯನ್ನು ಆ ಮರಳಿಗೆ ಒಗ್ಗಿಸಬೇಕೆಂಬುದು ಅವರ ಹಟ. ಮೊದಲ ಸಲ ಬದುಕಿದ್ದು ಒಂದೇ ಗಿಡ. ಅದರ ಬೀಜದಿಂದ ಮರುವರ್ಷ ಐದು. ನಾನಿದ್ದ ವರ್ಷ ಹನ್ನೊಂದು. ಮಾರ್ಚ್ ಹೊತ್ತಿಗೆ ಅವುಗಳ ಕಾಯಿ ಬಲಿತು ಬೀಜವಾಗಲು ಇನ್ನು ಮೂರು ವಾರ ಸಾಕಾಗಿತ್ತು. ತಾಯಿ ತೀರಿಕೊಂಡಿದ್ದರು, ಹಿತ್ತಲಿದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಆ ಬೀಜ ಬೇರೆಲ್ಲೂ ಇರಲಿಲ್ಲ.

ನೀರೆಂದರೆ ನೆಲದೊಳಗಿನ ಎರಡು ತೊಟ್ಟಿಗಳಲ್ಲಿ ಹಿಡಿದಿಟ್ಟ ಮಳೆನೀರು. ದೊಡ್ಡದು ಕುಡಿಯಲು, ಚಿಕ್ಕದು ತರಕಾರಿಗೆ. ಬೋರ್‌ವೆಲ್ ನೀರು ಉಪ್ಪು, ಗಿಡಕ್ಕೆ ಹಾಕುವಂತಿರಲಿಲ್ಲ. ಆಗಿನ್ನೂ ಮಾರ್ಚ್, ಮಳೆ ಜುಲೈಗೆ. ನೀರಿನ ಲೆಕ್ಕ ಇಡುವ ಕೆಲಸವನ್ನು ನಾನಾಗಿಯೇ ಕೇಳಿ ತೆಗೆದುಕೊಂಡೆ. ಬಿದಿರುಕೋಲಿಗೆ ಗೆರೆ ಹಾಕಿ ದಿನಾ ಸಂಜೆ ತೊಟ್ಟಿಗೆ ಇಳಿಸುತ್ತಿದ್ದೆ. ನಿಮ್ಮಮ್ಮ ಹಾಲಿನ ಪ್ಯಾಕೆಟ್ಟಿಗೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿದ ಹಾಗೆ ಎಂದು ಅಕ್ಕ ನಗುತ್ತಿದ್ದರು.

ಚಿಕ್ಕ ತೊಟ್ಟಿಯಿಂದ ನಾವು ಎತ್ತುತ್ತಿದ್ದದ್ದು ದಿನಕ್ಕೆ ಹನ್ನೆರಡು ಕೊಡ. ಕೋಲಿನ ಪ್ರಕಾರ ಕಡಿಮೆಯಾಗುತ್ತಿದ್ದದ್ದು ಹದಿನಾರು. ಹದಿನೈದು ದಿನ ಸತತವಾಗಿ ಅದೇ ನಾಲ್ಕು ಕೊಡದ ವ್ಯತ್ಯಾಸ. ತೊಟ್ಟಿ ಸೋರುತ್ತಿದೆ ಎಂದು ತೀರ್ಮಾನಿಸಿ ನೂರ ನಲವತ್ತಮೂರನೇ ದಿನ ಪುಸ್ತಕವನ್ನು ಎಲ್ಲರ ಮುಂದೆ ಹಿಡಿದೆ. ಅಕ್ಕ ಹಲ್ಲು ಕೀಳಿಸಿಕೊಳ್ಳಲು ಪಟ್ಟಣಕ್ಕೆ ಹೋಗಿದ್ದರು. ಉಳಿದವರು ಅಂಕಿಗಳ ಅಚ್ಚುಕಟ್ಟು ನೋಡಿಯೇ ಒಪ್ಪಿದರು.

ಬಿರುಕು ಹುಡುಕಿ ಮುಚ್ಚಲೆಂದು ಗುಂಡಿ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ತೊಟ್ಟಿಯ ನೀರನ್ನೆಲ್ಲ ಅದಕ್ಕೆ ಸಾಗಿಸಿದೆವು. ಹಾಳೆ ಹಾಸಿದವಳು ನಾನೇ. ಮರುದಿನ ಬೆಳಿಗ್ಗೆ ನೋಡಿದರೆ ಗುಂಡಿಯಲ್ಲಿ ಅರ್ಧ ನೀರೂ ಇರಲಿಲ್ಲ. ಹಾಳೆಯಡಿ ಒಂದು ಜಾಲಿ ಮುಳ್ಳು ಉಳಿದಿತ್ತು. ಖಾಲಿ ತೊಟ್ಟಿಯೊಳಗೆ ಇಳಿದು ಗೋಡೆಯನ್ನೆಲ್ಲ ತಡವಿದೆ. ಒಂದು ಬಿರುಕೂ ಕಾಣಲಿಲ್ಲ.

ಅಕ್ಕ ಸಂಜೆಯ ಬಸ್ಸಿಗೆ ಊದಿದ ಕೆನ್ನೆಯೊಂದಿಗೆ ಬಂದರು. ಹೇಳಿದ್ದನ್ನೆಲ್ಲ ಕೇಳಿ ತೊಟ್ಟಿಯ ಕಟ್ಟೆಯ ಮೇಲೆ ಕೂತರು.

"ಆ ನಾಲ್ಕು ಕೊಡ ಅಜ್ಜಿದು ಕಣೇ. ದಿನಾ ಬೆಳಕಾಗೋಕ್ ಮುಂಚೆ ಬೇಲಿ ಹೊರಗಿನ ಬಾನಿಗೆ ತುಂಬ್ತಾರೆ. ದಾರೀಲಿ ಹೋಗೋ ದನಕ್ಕೆ, ಹಕ್ಕಿಗೆ."

"ಯಾರೂ ಹೇಳ್ಲೇ ಇಲ್ವಲ್ಲ ಅಕ್ಕ."

"ಅದನ್ನೂ ಬರೀತಾರೆ ಅಂತ ಯಾರಿಗ್ ಗೊತ್ತು?"

ಆ ಮಣ್ಣಿನ ಬಾನಿಯನ್ನು ನಾನು ದಿನವೂ ನೋಡುತ್ತಿದ್ದೆ, ತುಂಬಿಯೇ ಇರುತ್ತಿತ್ತು. ಹಳ್ಳಿಯವರು ಎಲ್ಲಿಂದಲೋ ತಂದು ತುಂಬುತ್ತಾರೆ ಎಂದುಕೊಂಡಿದ್ದೆ. ಉಳಿದವರಿಗೆ ಅಜ್ಜಿ ನೀರೊಯ್ಯುವುದು ಗೊತ್ತಿತ್ತು. ಅದು ನಮ್ಮ ಲೆಕ್ಕಕ್ಕೆ ಸೇರುವ ನೀರು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಗುಂಡಿಯಲ್ಲಿ ಉಳಿದ ನೀರನ್ನು ಮತ್ತೆ ತೊಟ್ಟಿಗೆ ಸುರಿದೆವು. ಅದು ಬೋರೆಹಣ್ಣಿನ ಸಸಿಗಳಿಗೂ ಸೊಪ್ಪಿಗೂ ಸರಿಹೋಗುತ್ತಿತ್ತು, ಬದನೆಗೆ ಸಾಲುತ್ತಿರಲಿಲ್ಲ. ನಾನು ಮತ್ತೆ ಲೆಕ್ಕ ಹಾಕಿದೆ. ಹನ್ನೊಂದು ಗಿಡಕ್ಕೆ ಬೇಕಾದದ್ದು ದಿನಕ್ಕೆ ನಾಲ್ಕೇ ಕೊಡ. ಮೂರು ವಾರ ಬಾನಿಗೆ ತುಂಬುವುದನ್ನು ನಿಲ್ಲಿಸಿದರೆ ಬೀಜ ಉಳಿಯುತ್ತದೆ ಎಂದು ಅಕ್ಕನಿಗೆ ತೋರಿಸಿದೆ. ಅವರು ಪುಟ ನೋಡಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

"ಅಜ್ಜಿಗೆ ನೀನೇ ಹೇಳು. ನನ್ ಕೈಲಾಗಲ್ಲ."

ಮಾರನೆಯ ಮುಂಜಾವು ಹೋದೆ. ಅಜ್ಜಿ ಎರಡನೇ ಕೊಡ ಹೊತ್ತು ಬರುತ್ತಿದ್ದರು. ಹೇಳಬೇಕಾದದ್ದನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ನನ್ನನ್ನು ಕಂಡವರೇ ಮುಳ್ಳಿನ ಬಾಗಿಲು ಸರಿಸಿ ಹಿಡಿದುಕೋ ಎಂದು ಸನ್ನೆ ಮಾಡಿದರು. ಹಿಡಿದುಕೊಂಡೆ. ಮೂರನೆಯದಕ್ಕೂ ಹಿಡಿದೆ, ನಾಲ್ಕನೆಯದಕ್ಕೂ ಹಿಡಿದೆ. ಬಾನಿ ತುಂಬಿದ ಮೇಲೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೊರಟರು. ನಾನು ಒಳಗೆ ಬಂದು ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು ಅದರಡಿ ಬಾನಿಗೆ ನಾಲ್ಕು ಕೊಡ ಎಂದು ಬರೆದೆ.

ಅಕ್ಕ ಆ ಗೆರೆ ನೋಡಿ ಪುಸ್ತಕ ಮುಚ್ಚಿಟ್ಟರು. ಒಂಬತ್ತನೇ ದಿನ ಗಿಡಗಳು ಪೂರ್ತಿ ಬಾಡಿದವು. ಅರೆಹಳದಿ ಕಾಯಿಗಳನ್ನು ಕಿತ್ತು, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದೆವು. ನಾನು ಹೊರಡುವಾಗ ಅಕ್ಕ ಅರ್ಧ ಬೀಜವನ್ನು ನನಗೆ ಕಟ್ಟಿಕೊಟ್ಟರು. ತೊಂಬತ್ತೆರಡು ಬೀಜ. ತಾರಸಿಯಲ್ಲಿ ಹುಟ್ಟಿದ್ದು ಎರಡು. ಅವರ ಪಾಲಿನದು ಒಂದೂ ಹುಟ್ಟಲಿಲ್ಲ.

ಕಾಯಿ ಬಿಟ್ಟಾಗ ಅಕ್ಕನಿಗೆ ಫೋನ್ ಮಾಡಿ, ಬೀಜ ಕಳಿಸುತ್ತೇನೆ ಎಂದೆ.

"ಅವು ನಲ್ಲಿ ನೀರು ಕುಡಿದಿರೋವು ಕಣೇ. ಇಲ್ಲಿಗೆ ಬಂದ್ರೆ ಮತ್ತೆ ಮೊದಲ್ನೇ ವರ್ಷದಿಂದ ಶುರು" ಎಂದರು ಅಕ್ಕ. ಆಮೇಲೆ ಎಷ್ಟು ಕಾಯಿ ಬಿಟ್ಟಿದೆ ಎಂದು ಕೇಳಿದರು. ಮೂರು ಎಂದೆ.

"ಒಂದನ್ನ ಹಣ್ಣಾಗೋಕೆ ಬಿಡು. ಉಳಿದಿದ್ದು ಗೊಜ್ಜು ಮಾಡ್ಕೊಂಡ್ ತಿನ್ನು."

ದಾರ ಕಟ್ಟಿ ಇವತ್ತಿಗೆ ಹತ್ತೊಂಬತ್ತು ದಿನ. ಕಾಯಿ ಇನ್ನೂ ನೇರಳೆಯಾಗಿಯೇ ಇದೆ. ದಿನಚರಿಯಲ್ಲಿ ಹುಡುಕಿದ್ದು ಸಿಗಲಿಲ್ಲ. ನಾನಿದ್ದ ವರ್ಷ ಅಲ್ಲಿ ಯಾವ ಕಾಯಿಯನ್ನೂ ಪೂರ್ತಿ ಹಣ್ಣಾಗುವವರೆಗೆ ನಾವು ಬಿಟ್ಟಿರಲೇ ಇಲ್ಲ.